ಚಲನಚಿತ್ರದ ಆರಂಭದೃಶ್ಯ: ರೂಢಿಗಳ ಪರಿಚಯ ಮತ್ತು ತರಗತಿಯಲ್ಲಿ ಬಳಕೆ

ಪ್ರಸ್ತಾವನೆ

ಸಾಂಗ್ಲಿ ಜಿಲ್ಲೆಯ ಪೂರ್ವದ ಅಂಚಿನಲ್ಲಿರುವ ಜತ್ತ ತಾಲೂಕಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಯು ಏಕಕಾಲಕ್ಕೆ ಹಲವು ಭಾಷೆಗಳ ನಡುವೆ ಬೆಳೆಯುತ್ತಾನೆ. ಮನೆಯಲ್ಲಿ ವಿಜಯಪುರ ಸೀಮೆಯ ಕನ್ನಡ, ಸಂತೆಯಲ್ಲಿ ಮತ್ತು ಕಚೇರಿಯಲ್ಲಿ ಮರಾಠಿ, ಪಠ್ಯಪುಸ್ತಕದಲ್ಲಿ ಗ್ರಾಂಥಿಕ ಕನ್ನಡ, ದೂರದರ್ಶನದಲ್ಲಿ ಹಾಗೂ ಕೈಯೊಳಗಿನ ಮೊಬೈಲಿನಲ್ಲಿ ಹಿಂದಿ, ಮರಾಠಿ, ಕನ್ನಡ ಚಿತ್ರಗಳು. ಉಮದಿ, ಸಂಖ, ಬಿಳೂರು, ಮಾಡಗ್ಯಾಳ ಕಡೆಯ ಮಕ್ಕಳು ಭಾಷೆ ಪೂರ್ಣವಾಗಿ ತಿಳಿಯದ ಚಿತ್ರವನ್ನೂ ಸುಲಭವಾಗಿ ಅನುಸರಿಸಬಲ್ಲರು. ಯಾರು ನಾಯಕ, ಯಾರು ದುಷ್ಟ, ಮುಂದೆ ಏನಾದೀತು ಎಂಬುದನ್ನು ಮೊದಲ ಹತ್ತು ನಿಮಿಷಗಳಲ್ಲಿಯೇ ಹೇಳಬಲ್ಲರು.

ಇದು ಅವರಿಗೆ ಹೇಗೆ ಸಾಧ್ಯವಾಗುತ್ತದೆ? ಚಿತ್ರಗಳ ಆರಂಭದೃಶ್ಯಗಳು ಕೆಲವು ಗೊತ್ತಾದ ರೂಢಿಗಳನ್ನು ಅನುಸರಿಸುತ್ತವೆ. ಮಕ್ಕಳು ಅವುಗಳನ್ನು ಯಾರೂ ಕಲಿಸದೆಯೇ ಕಲಿತಿರುತ್ತಾರೆ. ಆದರೆ ಅದೇ ವಿದ್ಯಾರ್ಥಿಗೆ ಕಥೆ ಬರೆಯಲು ಹೇಳಿದಾಗ ‘ಒಂದಾನೊಂದು ಊರಿನಲ್ಲಿ’ ಎಂಬ ಮಾತಿನ ಆಚೆಗೆ ಲೇಖನಿ ಸಾಗುವುದಿಲ್ಲ. ಕಣ್ಣಿಗೆ ಗೊತ್ತಿರುವ ವಿದ್ಯೆ ಕೈಗೆ ಇಳಿದಿರುವುದಿಲ್ಲ. ಈ ಅಂತರವನ್ನು ಕಡಿಮೆ ಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಆರಂಭದೃಶ್ಯದ ಕಾರ್ಯಗಳು

ಕಥೆಯ ಮಾಧ್ಯಮ ಯಾವುದೇ ಇರಲಿ, ಆರಂಭವು ಐದು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ. ಇದು ಯಾವ ಸ್ಥಳ? ಯಾವ ಕಾಲ? ಯಾರ ಕಥೆ? ಯಾವ ರಸದ ಕಥೆ, ಅಂದರೆ ನಗಬೇಕೋ ಮರುಗಬೇಕೋ ಹೆದರಬೇಕೋ? ಮುಂದೆ ತಿಳಿಯಬೇಕಾದ ಕುತೂಹಲ ಯಾವುದು? ಮೊದಲ ನಾಲ್ಕಕ್ಕೆ ಆರಂಭವು ಉತ್ತರ ಕೊಡುತ್ತದೆ. ಐದನೆಯದಕ್ಕೆ ಬೇಕೆಂದೇ ಕೊಡುವುದಿಲ್ಲ. ಆ ಉತ್ತರವನ್ನು ತಡೆಹಿಡಿಯುವುದರಿಂದಲೇ ಕಥೆ ಮುಂದೆ ಸಾಗುತ್ತದೆ. ಕಾದಂಬರಿಕಾರನು ಇದಕ್ಕಾಗಿ ಕೆಲವು ಪುಟಗಳನ್ನು ವ್ಯಯಿಸಬಹುದು. ಚಿತ್ರನಿರ್ದೇಶಕನು ಅದನ್ನು ಕೆಲವೇ ನಿಮಿಷಗಳಲ್ಲಿ, ಹೆಚ್ಚಾಗಿ ಮಾತಿಲ್ಲದೆ ಮಾಡಬೇಕು. ಆದ್ದರಿಂದ ಅವನು ಪ್ರೇಕ್ಷಕನಿಗೆ ಮೊದಲೇ ಪರಿಚಯವಿರುವ ಸಂಕೇತಗಳನ್ನು ಆಶ್ರಯಿಸುತ್ತಾನೆ. ಹೀಗೆ ಮತ್ತೆ ಮತ್ತೆ ಬಳಕೆಯಾಗಿ ನೆಲೆನಿಂತ ಸಂಕೇತಗಳೇ ರೂಢಿಗಳು.

ರೂಢಿಗಳ ಬೇರು

ಈ ರೂಢಿಗಳು ಚಲನಚಿತ್ರದೊಂದಿಗೆ ಹುಟ್ಟಿದವಲ್ಲ. ಸಂಸ್ಕೃತ ನಾಟಕಕ್ಕೆ ನಾಂದಿ ಮತ್ತು ಪ್ರಸ್ತಾವನೆಗಳಿದ್ದವು. ಕಾಳಿದಾಸನ ‘ಅಭಿಜ್ಞಾನ ಶಾಕುಂತಲ’ದಲ್ಲಿ ಸೂತ್ರಧಾರನು ನಟಿಯಿಂದ ಗ್ರೀಷ್ಮ ಋತುವಿನ ಹಾಡನ್ನು ಹಾಡಿಸುತ್ತಾನೆ. ಆ ಹಾಡು ತನ್ನನ್ನು ಸೆಳೆದೊಯ್ದಿತು, ಜಿಂಕೆಯು ದುಷ್ಯಂತನನ್ನು ಸೆಳೆದೊಯ್ದಂತೆ, ಎಂಬರ್ಥದ ಮಾತನ್ನಾಡಿ ಅವನು ನಿರ್ಗಮಿಸುತ್ತಾನೆ. ಬೇಟೆಗಾರ ಅರಸನು ರಂಗಕ್ಕೆ ಬರುತ್ತಾನೆ. ಒಂದು ಹೋಲಿಕೆಯ ಬಲದಿಂದ ಪ್ರೇಕ್ಷಕನು ರಂಗಮಂದಿರದಿಂದ ಅರಣ್ಯಕ್ಕೆ ದಾಟುತ್ತಾನೆ. ಋತು, ಸ್ಥಳ, ನಾಯಕ, ಅವನ ಗುಣ ಎಲ್ಲವೂ ಆ ಒಂದು ದಾಟುವಿಕೆಯಲ್ಲಿ ತಿಳಿಯುತ್ತವೆ. ಕನ್ನಡ ಕಾವ್ಯಗಳ ಪೀಠಿಕಾ ಸಂಧಿಯ ಕೆಲಸವೂ ಇಂಥದೇ. ಕುಮಾರವ್ಯಾಸನು ಗದುಗಿನ ವೀರನಾರಾಯಣನನ್ನು ಸ್ತುತಿಸಿದ ಬಳಿಕವೇ ಭಾರತದ ಕಥೆಗೆ ಇಳಿಯುತ್ತಾನೆ.

ಜನಪದ ರಂಗಭೂಮಿಯಲ್ಲಿ ಈ ಪದ್ಧತಿ ಇನ್ನೂ ಜೀವಂತವಾಗಿದೆ. ದೊಡ್ಡಾಟವು ದೇವತಾ ಸ್ತುತಿಯಿಂದ ಮೊದಲಾಗುತ್ತದೆ. ಅನಂತರ ಪಾತ್ರವೊಂದು ರಂಗಕ್ಕೆ ಬಂದಾಗ ಸಾರಥಿಯು ‘ತಾವು ಯಾರು, ಬಂದ ಕಾರಣವೇನು’ ಎಂದು ವಿಚಾರಿಸುತ್ತಾನೆ. ಪಾತ್ರಧಾರಿಯು ತನ್ನ ಕುಲ, ಪರಾಕ್ರಮಗಳನ್ನು ಬಣ್ಣಿಸಿಕೊಳ್ಳುತ್ತಾನೆ. ಮರಾಠಿ ತಮಾಷಾದಲ್ಲಿಯೂ ಗಣ ಮತ್ತು ಗವಳಣ ಮುಗಿದ ಮೇಲೆಯೇ ಮುಖ್ಯ ಕಥೆಯಾದ ವಗ ತೊಡಗುತ್ತದೆ. ಜತ್ತ ಭಾಗದ ಹಿರಿಯರಲ್ಲಿ ಈ ಎರಡೂ ಸಂಪ್ರದಾಯಗಳನ್ನು ಕಂಡವರು ದೊರೆಯುತ್ತಾರೆ.

ಈ ಎರಡು ಸಂಪ್ರದಾಯಗಳು ಸಂಧಿಸಿದ ಒಂದು ಐತಿಹಾಸಿಕ ಘಟನೆ ಸಾಂಗ್ಲಿಯಲ್ಲಿಯೇ ನಡೆದಿದೆ. 1842ರ ಸುಮಾರಿಗೆ ಉತ್ತರ ಕನ್ನಡದ ಭಾಗವತ ಮೇಳವೊಂದು ಸಾಂಗ್ಲಿಗೆ ಬಂದು ಪ್ರದರ್ಶನ ನೀಡಿತು. ಅದನ್ನು ಕಂಡ ಸಂಸ್ಥಾನದ ಅಧಿಪತಿ ಚಿಂತಾಮಣರಾವ್ ಪಟವರ್ಧನರು, ಅಂತಹುದೇ ಪ್ರಯೋಗವನ್ನು ಮರಾಠಿಯಲ್ಲಿ ರಚಿಸುವಂತೆ ವಿಷ್ಣುದಾಸ ಭಾವೆಯವರಿಗೆ ಸೂಚಿಸಿದರು. 1843ರ ನವೆಂಬರ್ 5ರಂದು ‘ಸೀತಾ ಸ್ವಯಂವರ’ ಪ್ರದರ್ಶಿತವಾಯಿತು. ಮಹಾರಾಷ್ಟ್ರವು ಇಂದಿಗೂ ಆ ದಿನವನ್ನು ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತದೆ. ಭಾವೆಯವರ ನಾಟಕಗಳಲ್ಲಿ ಸೂತ್ರಧಾರನ ಮಂಗಲಾಚರಣೆ, ವಿದೂಷಕನ ಸಂಭಾಷಣೆ, ಗಣಪತಿಯ ಆಗಮನ, ಸರಸ್ವತಿಯ ನರ್ತನ ಇವು ಕಥೆಗೆ ಮುನ್ನ ಬರುತ್ತಿದ್ದವು. ಕನ್ನಡ ಮೇಳದ ಆರಂಭವಿಧಿಯು ಹೀಗೆ ಮರಾಠಿ ರಂಗಭೂಮಿಯ ಹೊಸ್ತಿಲಾಯಿತು. ಎರಡು ಭಾಷೆಗಳ ನಡುವೆ ನಿಂತು ಕಲಿಯುವ ವಿದ್ಯಾರ್ಥಿಗೆ ಈ ಸಂಗತಿ ಹೇಳತಕ್ಕದ್ದು.

ರಂಗದಿಂದ ಪರದೆಗೆ

1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಕಿರುಚಿತ್ರಗಳು ಪ್ರದರ್ಶನಗೊಂಡವು. ನಿಲ್ದಾಣಕ್ಕೆ ರೈಲು ಬರುವ ದೃಶ್ಯ ಅವುಗಳಲ್ಲಿ ಒಂದು. ಅಲ್ಲಿ ಆರಂಭವೂ ಇಲ್ಲ, ಅಂತ್ಯವೂ ಇಲ್ಲ. ಒಂದು ಘಟನೆ ಮಾತ್ರ. ಕಥೆ ಹೇಳತೊಡಗಿದಾಗಲೇ ಆರಂಭದ ಸಮಸ್ಯೆ ಎದುರಾಯಿತು. 1913ರಲ್ಲಿ ದಾದಾಸಾಹೇಬ ಫಾಳ್ಕೆಯವರು ‘ರಾಜಾ ಹರಿಶ್ಚಂದ್ರ’ವನ್ನು ನಿರ್ಮಿಸಿದಾಗ ಅದನ್ನು ಸರಳವಾಗಿ ಬಿಡಿಸಿದರು. ಅರಸನು ಮಡದಿಯ ಸಮಕ್ಷಮದಲ್ಲಿ ಮಗನಿಗೆ ಬಿಲ್ವಿದ್ಯೆ ಕಲಿಸುತ್ತಿರುವ ದೃಶ್ಯದಿಂದ ಚಿತ್ರ ಮೊದಲಾಗುತ್ತದೆ. ಮುಂದೆ ಕಳೆದುಹೋಗಲಿರುವುದೆಲ್ಲವೂ, ಅಂದರೆ ರಾಜ್ಯ, ಹೆಂಡತಿ, ಮಗ, ಆ ಒಂದೇ ಚೌಕಟ್ಟಿನಲ್ಲಿದೆ. ರಾಘವಾಂಕನ ಹರಿಶ್ಚಂದ್ರನನ್ನು ಬಲ್ಲ ಕನ್ನಡಿಗನಿಗೆ ಅದರ ಅರ್ಥ ಬೇಗ ಹೊಳೆಯುತ್ತದೆ. ಸುಖದ ಚಿತ್ರದಿಂದ ದುಃಖದ ಕಥೆಯನ್ನು ತೊಡಗಿಸುವ ಈ ಕ್ರಮ ಇಂದಿಗೂ ಬಳಕೆಯಲ್ಲಿದೆ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬಿಡುಗಡೆಯಾಯಿತು. ಅದು ಚಿತ್ರೀಕರಣಗೊಂಡುದು ಕೊಲ್ಹಾಪುರದಲ್ಲಿ, ಛತ್ರಪತಿ ಸಿನೆಟೋನ್ ಸ್ಟುಡಿಯೋದಲ್ಲಿ. ಕನ್ನಡ ಸಿನಿಮಾ ಮೊದಲ ಮಾತನ್ನಾಡಿದ ನೆಲ ಸಾಂಗ್ಲಿಯ ನೆರೆಯ ಜಿಲ್ಲೆ ಎಂಬುದು ಗಡಿಭಾಗದ ಶಾಲೆಗಳಿಗೆ ಹೆಮ್ಮೆಯ ವಿಷಯ. ಆ ಚಿತ್ರದ ಪ್ರತಿ ಇಂದು ಉಳಿದಿಲ್ಲದಿರುವುದು ಖೇದದ ಸಂಗತಿ.

ಕಥೆಗೆ ಮುಂಚಿನ ಪರದೆ

ಕಥೆ ತೊಡಗುವ ಮುನ್ನ ಪರದೆಯ ಮೇಲೆ ಮೂಡುವ ಬರಹಗಳೂ ಓದತಕ್ಕ ಪಠ್ಯಗಳೇ.

1. ಪ್ರಮಾಣಪತ್ರ: 1952ರ ಸಿನಿಮಾಟೋಗ್ರಾಫ್ ಕಾಯಿದೆಯ ಪ್ರಕಾರ ಸಾರ್ವಜನಿಕ ಪ್ರದರ್ಶನದ ಚಿತ್ರಕ್ಕೆ ಪ್ರಮಾಣಪತ್ರ ಅವಶ್ಯಕ. ‘ಯು’ ಎಂದರೆ ಎಲ್ಲರಿಗೂ. ‘ಎ’ ಎಂದರೆ ವಯಸ್ಕರಿಗೆ ಮಾತ್ರ. ‘ಯುಎ’ ಎಂದರೆ ಪಾಲಕರ ಮಾರ್ಗದರ್ಶನದಲ್ಲಿ ನೋಡತಕ್ಕದ್ದು. 2023ರ ತಿದ್ದುಪಡಿಯು ‘ಯುಎ’ ವರ್ಗವನ್ನು 7, 13 ಮತ್ತು 16 ವರ್ಷಗಳ ಮೆಟ್ಟಿಲುಗಳಾಗಿ ವಿಂಗಡಿಸಿದೆ. ತರಗತಿಗೆ ಚಿತ್ರವನ್ನು ಆರಿಸುವ ಶಿಕ್ಷಕರು ಮೊದಲು ನೋಡಬೇಕಾದುದು ಇದನ್ನೇ.

2. ಸಂಸ್ಥೆಯ ಲಾಂಛನ: 1929ರಲ್ಲಿ ಕೊಲ್ಹಾಪುರದಲ್ಲಿ ಸ್ಥಾಪನೆಯಾಗಿ 1933ರಲ್ಲಿ ಪುಣೆಗೆ ಸ್ಥಳಾಂತರಗೊಂಡ ಪ್ರಭಾತ್ ಫಿಲ್ಮ್ ಕಂಪನಿಯ ಲಾಂಛನವು ತುತ್ತೂರಿ ಊದುವ ಸ್ತ್ರೀಯ ಆಕೃತಿ. ಮಂಗಲವಾದ್ಯದಿಂದ ಕಾರ್ಯವನ್ನು ಆರಂಭಿಸುವ ಪದ್ಧತಿಯೇ ಅಲ್ಲಿ ಲಾಂಛನವಾಗಿದೆ.

3. ಘೋಷಣೆಗಳು: ತಂಬಾಕಿನ ದೃಶ್ಯಗಳುಳ್ಳ ಚಿತ್ರಗಳ ಆರಂಭದಲ್ಲಿ ಹಾಗೂ ಮಧ್ಯದಲ್ಲಿ ಕನಿಷ್ಠ 30 ಸೆಕೆಂಡುಗಳ ಆರೋಗ್ಯ ಎಚ್ಚರಿಕೆ ಇರಲೇಬೇಕು. ‘ಪಾತ್ರಗಳೆಲ್ಲವೂ ಕಾಲ್ಪನಿಕ’ ಎಂಬ ಘೋಷಣೆಗೆ ಒಂದು ಮೊಕದ್ದಮೆಯ ಹಿನ್ನೆಲೆಯಿದೆ. ರಷ್ಯಾದ ರಾಸ್ಪುಟಿನ್‌ನನ್ನು ಕುರಿತ 1932ರ ಅಮೆರಿಕನ್ ಚಿತ್ರವೊಂದರಿಂದ ತನ್ನ ಮಾನಹಾನಿಯಾಯಿತೆಂದು ಅಲ್ಲಿನ ರಾಜಕುಮಾರಿಯೊಬ್ಬಳು ಲಂಡನ್ನಿನ ನ್ಯಾಯಾಲಯದಲ್ಲಿ ದಾವೆ ಹೂಡಿ 1934ರಲ್ಲಿ ಗೆದ್ದಳು. ಆ ಬಳಿಕ ಇಂಥ ಘೋಷಣೆ ವ್ಯಾಪಕವಾಯಿತು.

ಪ್ರಮುಖ ರೂಢಿಗಳು

ಅ) ಸ್ಥಳದರ್ಶನ: ಮೊದಲು ದೂರದಿಂದ ಊರು, ಆಮೇಲೆ ಬೀದಿ, ಆಮೇಲೆ ಮನೆ, ಕೊನೆಗೆ ಮನುಷ್ಯ. ದೂರದಿಂದ ಹತ್ತಿರಕ್ಕೆ ಬರುವ ಈ ಕ್ರಮ ಅತ್ಯಂತ ಸಾಮಾನ್ಯವಾದುದು. ಇದನ್ನು ತಿರುಗಿಸಿಯೂ ಬಳಸಬಹುದು. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955) ಊರಿನ ವಿಶಾಲ ನೋಟದಿಂದ ಮೊದಲಾಗುವುದಿಲ್ಲ. ನೆರೆಯವರ ತೋಟದಿಂದ ಹಣ್ಣು ಕದ್ದೊಯ್ಯುವ ಪುಟ್ಟ ದುರ್ಗೆ ಮತ್ತು ಅವಳನ್ನು ಬಯ್ಯುವ ತೋಟದೊಡತಿ ಮೊದಲು ಕಾಣುತ್ತಾರೆ. ಬಡತನ, ಆಸೆ, ನೆರೆಹೊರೆಯ ಸಂಬಂಧ ಮೂರೂ ಒಂದು ಹಣ್ಣಿನ ಮೂಲಕ ತಿಳಿಯುತ್ತವೆ.

ಆ) ಹೊಸಬನ ಆಗಮನ: ಪ್ರೇಕ್ಷಕನಿಗೆ ಊರು ಹೊಸದು. ಆದ್ದರಿಂದ ಊರಿಗೆ ಹೊಸದಾಗಿ ಬರುವ ಪಾತ್ರವೊಂದನ್ನು ಅವನ ಜೊತೆ ಮಾಡಿಕೊಡಲಾಗುತ್ತದೆ. ‘ಶೋಲೆ’ (1975) ಚಿತ್ರದಲ್ಲಿ ಜೈಲರನು ರೈಲಿನಿಂದ ಇಳಿಯುತ್ತಾನೆ. ಠಾಕೂರನ ಸೇವಕನು ಅವನನ್ನು ಕುದುರೆಯ ಮೇಲೆ ಕರೆದೊಯ್ಯುತ್ತಾನೆ. ಶೀರ್ಷಿಕೆಗಳು ಮೂಡುತ್ತಿರುವಾಗಲೇ ಬಂಡೆಗಳ ನಾಡು ಕಣ್ಣೆದುರು ಹಾದುಹೋಗುತ್ತದೆ. ಅದು ಕರ್ನಾಟಕದ ರಾಮನಗರದ ಪರಿಸರ. ‘ಬಂಗಾರದ ಮನುಷ್ಯ’ (1972) ಚಿತ್ರದ ಆರಂಭಭಾಗದಲ್ಲಿ ರಾಜೀವನು ಅಕ್ಕನ ಊರಿಗೆ ಬರುತ್ತಾನೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಚಿತ್ರದಲ್ಲಿ ಹೊಸಬನು ಬಾಲಕ. ವೇದಪಾಠಶಾಲೆಗೆ ಸೇರಲು ಬಂದ ನಾಣಿಯ ಕಣ್ಣಿನಿಂದಲೇ ಆ ಮನೆಯ ದುಃಖವೆಲ್ಲ ಕಾಣುತ್ತದೆ. ಹೊಸ ಶಾಲೆಗೆ ಬಂದ ಮೊದಲ ದಿನವನ್ನು ಬಲ್ಲ ಪ್ರತಿಯೊಂದು ಮಗುವೂ ಈ ರೂಢಿಯನ್ನು ತನ್ನ ಅನುಭವದಿಂದ ಗುರುತಿಸಬಲ್ಲದು.

ಇ) ನಿರೂಪಕ: ಸೂತ್ರಧಾರನು ಪರದೆಯಲ್ಲಿ ವೇಷ ಬದಲಿಸಿಕೊಂಡಿದ್ದಾನೆ. ‘ಕೆಜಿಎಫ್’ ಮೊದಲ ಅಧ್ಯಾಯದಲ್ಲಿ (2018) ಪತ್ರಕರ್ತ ಆನಂದ ಇಂಗಳಗಿಯು ದೂರದರ್ಶನ ವಾಹಿನಿಯ ಸಂದರ್ಶನದಲ್ಲಿ ಕಥೆ ಹೇಳತೊಡಗುತ್ತಾನೆ. ಪ್ರಶ್ನೆ ಕೇಳುವವರು ಒಬ್ಬರು, ಉತ್ತರಿಸುವವರು ಒಬ್ಬರು. ಸಾರಥಿ ಮತ್ತು ಪಾತ್ರಧಾರಿಯ ಹಳೆಯ ಸಂವಾದವೇ ಅಲ್ಲಿ ಮರುಕಳಿಸಿದೆ.

ಈ) ಪೂರ್ವಕಥೆ: ಮುಖ್ಯ ಕಥೆಗಿಂತ ಬಹು ಹಿಂದೆ ನಡೆದ ಘಟನೆಯಿಂದ ತೊಡಗುವುದು. ‘ಕಾಂತಾರ’ (2022) ಚಿತ್ರವು 1847ರಲ್ಲಿ ನೆಮ್ಮದಿಯನ್ನು ಅರಸಿ ಹೊರಟ ಅರಸನ ಪ್ರಸಂಗದಿಂದ ಮೊದಲಾಗುತ್ತದೆ. ದೈವಕ್ಕಾಗಿ ಅವನು ಕೊಟ್ಟ ಭೂಮಿಯ ಪ್ರಶ್ನೆಯೇ ತಲೆಮಾರುಗಳ ನಂತರದ ಕಲಹಕ್ಕೆ ಕಾರಣ. ಗ್ರಾಮದೇವತೆಗಳ ಸ್ಥಳಪುರಾಣಗಳನ್ನು ಕೇಳಿ ಬೆಳೆದ ಮಕ್ಕಳಿಗೆ ಇದು ಅಪರಿಚಿತವಲ್ಲ.

ಉ) ನಾಯಕನ ಪ್ರವೇಶ: ಓಟ, ಪಂದ್ಯ, ಹಾಡು ಅಥವಾ ಕಾಳಗದ ಮೂಲಕ ನಾಯಕನನ್ನು ಪರಿಚಯಿಸುವುದು. ‘ಕಾಂತಾರ’ದಲ್ಲಿ ಕಂಬಳ, ನಾಗರಾಜ ಮಂಜುಳೆಯವರ ಮರಾಠಿ ಚಿತ್ರ ‘ಸೈರಾಟ್’ನಲ್ಲಿ (2016) ಊರ ಕ್ರಿಕೆಟ್ ಪಂದ್ಯ. ಪಂದ್ಯದ ವೀಕ್ಷಕ ವಿವರಣೆಯು ಆಟದ ವರದಿಯೊಡನೆ ಊರಿನ ಹಿರಿ-ಕಿರಿತನವನ್ನೂ ಹೇಳಿಬಿಡುತ್ತದೆ.

ಊ) ಸಾವಿನಿಂದ ಆರಂಭ: ಒಂದು ಸಾವು ನಿಶ್ಚಲವಾದ ಊರನ್ನು ಕದಲಿಸುತ್ತದೆ. ‘ಸಂಸ್ಕಾರ’ (1970) ಚಿತ್ರದ ಆರಂಭಭಾಗದಲ್ಲಿಯೇ ನಾರಣಪ್ಪನ ಸಾವಿನ ಸುದ್ದಿ ಬರುತ್ತದೆ. ಅವನ ಶವಸಂಸ್ಕಾರ ಯಾರದು ಎಂಬುದೇ ಇಡೀ ಚಿತ್ರದ ಪ್ರಶ್ನೆ. ‘ತಿಥಿ’ (2015) ಚಿತ್ರದಲ್ಲಿ 101 ವರ್ಷದ ಸೆಂಚುರಿ ಗೌಡ ಬೀದಿಯ ಬದಿಗೆ ಕುಳಿತು ಹೋಗಿಬರುವವರನ್ನೆಲ್ಲ ಬಯ್ಯುತ್ತಾನೆ. ಕೆಲ ಹೊತ್ತಿನಲ್ಲಿಯೇ ಕುಸಿದು ಸಾಯುತ್ತಾನೆ. ಒಂದೇ ರೂಢಿ ಒಂದೆಡೆ ಗಂಭೀರ, ಇನ್ನೊಂದೆಡೆ ವಿನೋದ. ರಸವನ್ನು ನಿರ್ಧರಿಸುವುದು ಘಟನೆಯಲ್ಲ, ಅದನ್ನು ತೋರಿಸುವ ಬಗೆ ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಆರಂಭ ಮತ್ತು ಅಂತ್ಯದ ಸಂಬಂಧ

ಉತ್ತಮ ಆರಂಭದ ಬೆಲೆ ಚಿತ್ರ ಮುಗಿದಾಗ ತಿಳಿಯುತ್ತದೆ. ‘ಬಂಗಾರದ ಮನುಷ್ಯ’ದಲ್ಲಿ ಊರಿಗೆ ಬಂದ ರಾಜೀವನು ಕೊನೆಗೆ ಎಲ್ಲವನ್ನೂ ತೊರೆದು ಹೊರಟುಹೋಗುತ್ತಾನೆ. ಮಂಜುಳೆಯವರ ‘ಫ್ಯಾಂಡ್ರಿ’ಯ (2013) ಆರಂಭದಲ್ಲಿ ಜಬ್ಯಾ ಎಂಬ ಬಾಲಕ ಕವಣೆ ಹಿಡಿದು ಕುರುಚಲು ಕಾಡಿನಲ್ಲಿ ಕಪ್ಪು ಗುಬ್ಬಿಯನ್ನು ಹುಡುಕುತ್ತಾನೆ. ಅಂತ್ಯದಲ್ಲಿ ಅವನ ಕೈಯ ಕಲ್ಲು ಅವಮಾನಿಸುವವರತ್ತ, ಅದರೊಡನೆ ಪ್ರೇಕ್ಷಕನತ್ತ, ಹಾರಿಬರುತ್ತದೆ. ಮೊದಲ ದೃಶ್ಯದಲ್ಲಿ ಆಸೆಯ ಉಪಕರಣವಾಗಿದ್ದ ಕಲ್ಲು ಕೊನೆಯ ದೃಶ್ಯದಲ್ಲಿ ಆಕ್ರೋಶವಾಗುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನಡುವಿನ ಕಥೆಯ ತೂಕ ಅರಿವಿಗೆ ಬರುತ್ತದೆ.

ರೂಢಿಯ ಅಪಾಯ

ರೂಢಿಯು ಕೆಲಸವನ್ನು ಸುಲಭಗೊಳಿಸುತ್ತದೆ. ಅತಿಯಾದರೆ ಕಣ್ಣಿಗೆ ಪೊರೆ ಬರಿಸುತ್ತದೆ. ಜತ್ತದ ವಿದ್ಯಾರ್ಥಿಗಳ ಮಟ್ಟಿಗೆ ಎರಡು ಅಪಾಯಗಳನ್ನು ವಿಶೇಷವಾಗಿ ಗಮನಿಸಬೇಕು.

ಮೊದಲನೆಯದು ನೆಲಕ್ಕೆ ಸಂಬಂಧಿಸಿದ್ದು. ಬಿರಿದ ಭೂಮಿ, ಒಣಗಿದ ಬಾವಿ, ತಲೆಯ ಮೇಲೆ ಕೊಡ ಹೊತ್ತ ಹೆಂಗಸರ ಸಾಲು: ಇವು ‘ಬರದ ನಾಡು’ ಎಂದು ಹೇಳಲು ಚಿತ್ರಗಳು ಬಳಸುವ ಸಿದ್ಧ ಚಿಹ್ನೆಗಳು. ಜತ್ತ ಬರಪೀಡಿತ ತಾಲೂಕು ಎಂಬುದು ನಿಜ. ಟ್ಯಾಂಕರಿಗೆ ಕಾಯುವುದನ್ನು ಇಲ್ಲಿನ ಮಕ್ಕಳಿಗೆ ಚಿತ್ರದ ಮೂಲಕ ತೋರಿಸಬೇಕಾಗಿಲ್ಲ. ಆದರೆ ಇದೇ ನೆಲದಲ್ಲಿ ದಾಳಿಂಬೆ, ದ್ರಾಕ್ಷಿ ಬೆಳೆಯುತ್ತವೆ. ಮಾಡಗ್ಯಾಳದ ಹೆಸರು ಹೊತ್ತ ಕುರಿತಳಿ ಬಹುದೂರ ಪ್ರಸಿದ್ಧವಾಗಿದೆ. ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆ ಎರಡೂ ರಾಜ್ಯಗಳ ಭಕ್ತರು ಬರುತ್ತಾರೆ. ತನ್ನ ಊರು ಪರದೆಯ ಮೇಲೆ ದುಃಖದ ಚಿಹ್ನೆಯಾಗಿ ಮಾತ್ರ ಬರುವುದನ್ನು ಕಂಡ ಮಗು, ಊರನ್ನು ವರ್ಣಿಸುವಾಗ ಆ ಚಿಹ್ನೆಯನ್ನೇ ನಕಲು ಮಾಡುತ್ತದೆ. ‘ಫ್ಯಾಂಡ್ರಿ’ಯ ಕುರುಚಲು ಕಾಡು ಇದಕ್ಕೆ ಉತ್ತರ. ಅಲ್ಲಿ ಒಣ ನೆಲವು ಹುಡುಗನ ಹಂಬಲದ ತಾಣವೂ ಹೌದು.

ಎರಡನೆಯದು ಮಾತಿಗೆ ಸಂಬಂಧಿಸಿದ್ದು. ಎಷ್ಟೋ ಕನ್ನಡ ಚಿತ್ರಗಳಲ್ಲಿ ಉತ್ತರ ಕರ್ನಾಟಕದ ಮಾತು ಕೇಳಿಬಂದೊಡನೆ ಪ್ರೇಕ್ಷಕನು ನಗಲು ಸಿದ್ಧನಾಗುತ್ತಾನೆ. ಆ ಉಪಭಾಷೆ ಹಾಸ್ಯಪಾತ್ರದ ಗುರುತಾಗಿ ರೂಢಿಗೊಂಡಿದೆ. ‘ಬರ್ರಿ’, ‘ಹೋಗೂಣು’, ‘ಹೌದಲ್ರಿ’ ಎಂಬುದು ಮನೆಯ ಸಹಜ ನುಡಿಯಾಗಿರುವ ಮಗುವಿಗೆ ಇದರಿಂದ ಯಾವ ಪಾಠ ದೊರೆಯುತ್ತದೆ ಎಂಬುದನ್ನು ಶಿಕ್ಷಕರು ಯೋಚಿಸಬೇಕು. ಮರಾಠಿಯ ನಡುವೆ ಕನ್ನಡವನ್ನು ಉಳಿಸಿಕೊಂಡ ಮಗು, ಕನ್ನಡದೊಳಗೂ ತನ್ನ ನುಡಿ ನಗೆಪಾಟಲು ಎಂದು ನಂಬಿದರೆ, ತರಗತಿಯಲ್ಲಿ ಬಾಯಿ ತೆರೆಯಲು ಹಿಂಜರಿಯುತ್ತದೆ. ಆದುದರಿಂದ ಚರ್ಚೆಯಲ್ಲಿ ಮನೆಯ ನುಡಿಗೆ ಮುಕ್ತ ಅವಕಾಶವಿರಬೇಕು. ಬರೆಯುವ ಕಥೆಯಲ್ಲಿ ನಿರೂಪಣೆಯು ಗ್ರಾಂಥಿಕವಾಗಿದ್ದರೂ ಪಾತ್ರಗಳ ಸಂಭಾಷಣೆ ಊರ ನುಡಿಯಲ್ಲಿರಬಹುದು ಎಂದು ಸ್ಪಷ್ಟವಾಗಿ ತಿಳಿಸಬೇಕು.

ತರಗತಿಯಲ್ಲಿ ಅನ್ವಯ (ಇಯತ್ತೆ 6ರಿಂದ 8)

ಕೃತಿ 1: ಶಿಕ್ಷಕರು ಸೂಕ್ತ ಪ್ರಮಾಣಪತ್ರವುಳ್ಳ ಚಿತ್ರವೊಂದರ ಮೊದಲ ಐದು ನಿಮಿಷಗಳನ್ನು ತಾವು ಮುಂಚಿತವಾಗಿ ನೋಡಿ, ಬಳಿಕ ತರಗತಿಯಲ್ಲಿ ಧ್ವನಿಯಿಲ್ಲದೆ ತೋರಿಸಬೇಕು. ಸ್ಥಳ, ಕಾಲ, ವ್ಯಕ್ತಿ, ರಸ, ಕುತೂಹಲ ಎಂಬ ಐದು ತಲೆಬರಹಗಳ ಕೆಳಗೆ ವಿದ್ಯಾರ್ಥಿಗಳು ತಮ್ಮ ಊಹೆಗಳನ್ನು ಬರೆಯಲಿ. ಅನಂತರ ಧ್ವನಿಸಹಿತ ತೋರಿಸಿದಾಗ ಯಾವ ಊಹೆ ಬದಲಾಯಿತು, ಏಕೆ ಎಂಬುದನ್ನು ಚರ್ಚಿಸಲಿ. ಪರದೆಯ ಸೌಲಭ್ಯವಿಲ್ಲದ ಶಾಲೆಯಲ್ಲಿ ಮಕ್ಕಳು ತಾವು ನೋಡಿದ ಚಿತ್ರದ ಆರಂಭವನ್ನು ನೆನಪಿನಿಂದ ವರ್ಣಿಸಬಹುದು. ಮೇಲೆ ಹೆಸರಿಸಿದ ಚಿತ್ರಗಳಲ್ಲಿ ಕೆಲವು ಶಿಕ್ಷಕರ ತಿಳುವಳಿಕೆಗಾಗಿ ಮಾತ್ರ. ಅವುಗಳನ್ನು ಪೂರ್ಣವಾಗಿ ಮಕ್ಕಳಿಗೆ ತೋರಿಸಬೇಕಾಗಿಲ್ಲ.

ಕೃತಿ 2: ಒಂದೇ ಪ್ರಸಂಗಕ್ಕೆ ಎರಡು ಆರಂಭಗಳನ್ನು ಬರೆಯಿಸುವುದು. ಮಾದರಿಗಾಗಿ:

‘ನಮ್ಮ ಊರಿನಲ್ಲಿ ನೀರಿನ ಕೊರತೆ ಇದೆ. ಬೇಸಿಗೆಯಲ್ಲಿ ಟ್ಯಾಂಕರ್ ಬರುತ್ತದೆ. ಜನರು ನೀರಿಗಾಗಿ ಕಾಯುತ್ತಾರೆ.’

‘ಬೇವಿನ ಮರದ ಕೆಳಗೆ ಕೊಡಗಳು ಸಾಲಾಗಿ ನಿಂತಿದ್ದವು. ಮನುಷ್ಯರು ಯಾರೂ ಇರಲಿಲ್ಲ. ಮೂರನೆಯ ಕೊಡದ ಕೊರಳಿಗೆ ಕೆಂಪು ದಾರ ಕಟ್ಟಿತ್ತು. ನಿನ್ನೆ ಅದು ಮೊದಲನೆಯ ಸ್ಥಾನದಲ್ಲಿತ್ತು.’

ಮೊದಲನೆಯದು ವಿಷಯವನ್ನು ಹೇಳಿ ಮುಗಿಸುತ್ತದೆ. ಎರಡನೆಯದರಲ್ಲಿ ನೀರು ಎಂಬ ಶಬ್ದವೇ ಇಲ್ಲ. ಆದರೂ ಊರು, ಕಾಲ, ಕೊರತೆ, ಒಂದು ಜಗಳದ ಸುಳಿವು ಎಲ್ಲವೂ ಇವೆ. ಕೊಡವನ್ನು ಸರಿಸಿದವರು ಯಾರು ಎಂಬ ಪ್ರಶ್ನೆ ಓದುಗನನ್ನು ಮುಂದಕ್ಕೆ ಎಳೆಯುತ್ತದೆ. ಈ ವ್ಯತ್ಯಾಸವನ್ನು ಮಕ್ಕಳೇ ಕಂಡುಹಿಡಿಯುವವರೆಗೆ ಶಿಕ್ಷಕರು ಕಾಯಬೇಕು.

ಉಪಕ್ರಮ: ಊರಿನ ಹಿರಿಯರೊಬ್ಬರನ್ನು ಭೇಟಿಯಾಗಿ, ದೊಡ್ಡಾಟ, ತಮಾಷಾ ಅಥವಾ ಜಾತ್ರೆಯ ತಂಬೂ ಸಿನಿಮಾ ಹೇಗೆ ಆರಂಭವಾಗುತ್ತಿತ್ತು ಎಂಬುದನ್ನು ಕೇಳಿ ಬರೆಯುವುದು. ಹಿರಿಯರು ಬಳಸಿದ ಶಬ್ದಗಳನ್ನು ಬದಲಿಸದೆ ದಾಖಲಿಸಬೇಕು.

ಮೌಲ್ಯಮಾಪನ: ಅಂಕ ನೀಡುವಾಗ ಭಾಷೆಯ ಶುದ್ಧಿಯೊಂದನ್ನೇ ಪರಿಗಣಿಸದೆ, ಐದು ಪ್ರಶ್ನೆಗಳಲ್ಲಿ ಎಷ್ಟಕ್ಕೆ ಆರಂಭವು ಉತ್ತರ ಕೊಟ್ಟಿದೆ, ಯಾವುದನ್ನು ಅರಿತು ಉಳಿಸಿಕೊಂಡಿದೆ, ವಿವರಗಳು ವಿದ್ಯಾರ್ಥಿಯ ಸ್ವಂತ ನೋಟದಿಂದ ಬಂದಿವೆಯೇ ಎಂಬುದನ್ನು ಗಮನಿಸಬೇಕು.

ಸಮಾರೋಪ

ಭಾಗವತ ಮೇಳದ ಗಣಪತಿಯಿಂದ ಇಂದಿನ ಚಿತ್ರದ ಮೊದಲ ಚೌಕಟ್ಟಿನವರೆಗೆ ಆರಂಭಗಳ ರೂಪ ಬದಲಾಗಿದೆ. ಪ್ರೇಕ್ಷಕನನ್ನು ಕೈಹಿಡಿದು ಕಥೆಯೊಳಗೆ ಕರೆದೊಯ್ಯುವ ಕೆಲಸ ಬದಲಾಗಿಲ್ಲ. ಈ ರೂಢಿಗಳನ್ನು ಗುರುತಿಸಲು ಕಲಿತ ವಿದ್ಯಾರ್ಥಿಯು ಚಿತ್ರವು ತನಗೆ ಏನನ್ನು ನಂಬಿಸಲು ಹೊರಟಿದೆ ಎಂಬುದನ್ನು ಪರೀಕ್ಷಿಸಬಲ್ಲನು. ಅವುಗಳನ್ನು ಬಳಸಲು ಕಲಿತವನು ತನ್ನ ಊರಿನ ಕಥೆಯನ್ನು ಬೇರೆಯವರು ಹೇಳುವವರೆಗೆ ಕಾಯಬೇಕಾಗಿಲ್ಲ. ಆ ಕಥೆ ಜತ್ತದ ಯಾವುದೋ ಶಾಲೆಯ ನೋಟುಪುಸ್ತಕದಲ್ಲಿ, ಕೆಂಪು ದಾರ ಕಟ್ಟಿದ ಒಂದು ಕೊಡದಿಂದಲೂ ಮೊದಲಾಗಬಹುದು.